ಪಶ್ಚಿಮ ನಾರ್ವೆಯಲ್ಲಿ ಹತ್ತು ದಿನ: ಯಾವ ಫಿಯೋರ್ಡ್, ಯಾವ ಬಂಡೆ, ಯಾವ ಹಿಮನದಿ?

ಹಸಿರುಕಣಿವೆ:
ಜೂನ್ ಕೊನೆಯ ವಾರದಲ್ಲಿ ಹತ್ತು ದಿನ ನಾರ್ವೆಗೆ ಹೋಗುವ ಯೋಚನೆಯಿದೆ, ಬೆಂಗಳೂರಿನಿಂದ. ನಾಲ್ಕು ಜನ: ನಾವಿಬ್ಬರು, ಹನ್ನೆರಡು ವರ್ಷದ ಮಗಳು, ಮಂಡಿನೋವಿರುವ ಅಪ್ಪ. ಎಲ್ಲರೂ ಸಸ್ಯಾಹಾರಿಗಳು. ಕಾರು ಓಡಿಸಬಲ್ಲೆವು. ಪಟ್ಟಿಯಲ್ಲಿರುವುದು: ಪ್ರೈಕೆಸ್ಟೂಲನ್, ಟ್ರೋಲ್‌ಟುಂಗಾ, ಶೆರಾಗ್ ಎಂಬ ಎತ್ತರದ ಬಂಡೆಗಳು, ಫ್ಲೋಮ್ ರೈಲು, ನ್ಯಾರೊಯ್‌ಫಿಯೋರ್ಡ್, ಗೈರಾಂಗರ್ ಎಂಬ ಫಿಯೋರ್ಡ್‌ಗಳು (ಕಡಿದಾದ ಗುಡ್ಡಗಳ ನಡುವೆ ಒಳನುಗ್ಗಿದ ಕಡಲು), ಟ್ರೋಲ್‌ಸ್ಟೀಗನ್ ರಸ್ತೆ, ಒಂದು ಹಿಮನದಿ, ಲೊಫೋಟನ್ ದ್ವೀಪಗಳು. ಯಾವುದನ್ನು ಬಿಡಬೇಕು, ಯಾವುದನ್ನು ಹೇಗೆ ನೋಡಬೇಕು ಎಂದು ಬಲ್ಲವರು ಹೇಳಿ.

ಉತ್ತರದಲೆ:
ಮೊದಲು ಬಿಡಬೇಕಾದದ್ದು ಲೊಫೋಟನ್. ಅದು ಆರ್ಕ್‌ಟಿಕ್ ವೃತ್ತದ ಆಚೆ ಇದೆ. ಪಶ್ಚಿಮ ಕರಾವಳಿಯ ಬರ್ಗೆನ್ ನಗರದಿಂದ ರಸ್ತೆಯಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು. ಮಧ್ಯರಾತ್ರಿ ಸೂರ್ಯ ನೋಡಬೇಕೆಂದಿದ್ದರೆ ಅದಕ್ಕೇ ಇನ್ನೊಮ್ಮೆ ಒಂದು ವಾರ ತೆಗೆದಿಡಿ. ಎರಡನೆಯದಾಗಿ ಶೆರಾಗ್ ಬಿಡಿ. ಪ್ರೈಕೆಸ್ಟೂಲನ್, ಶೆರಾಗ್ ಎರಡೂ ದಕ್ಷಿಣದಲ್ಲಿ ಸ್ಟಾವಂಗರ್ ಊರಿನ ಕಡೆ, ಲೀಸೆಫಿಯೋರ್ಡ್ ಮೇಲೆ ಇವೆ. ಗೈರಾಂಗರ್ ಉತ್ತರದ ತುದಿಯಲ್ಲಿದೆ. ದಕ್ಷಿಣ, ಉತ್ತರ ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿದರೆ ಹತ್ತರಲ್ಲಿ ಮೂರು ದಿನ ಕಾರಿನಲ್ಲೇ ಕಳೆಯುತ್ತದೆ.

ಇಲ್ಲಿನ ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ. ಊರ ಹೊರಗೆ ಸಾಮಾನ್ಯ ಮಿತಿ ಗಂಟೆಗೆ 80. ಆದರೆ ತಿರುವು, ಸುರಂಗ, ಒಂದೇ ಗಾಡಿ ಹಿಡಿಸುವ ಇಕ್ಕಟ್ಟಿನ ರಸ್ತೆ, ಫೆರ್ರಿಗೆ ಕಾಯುವುದು ಎಲ್ಲ ಸೇರಿದರೆ ಸರಾಸರಿ 50 ದಾಟುವುದು ಕಷ್ಟ. ನಕ್ಷೆ ಮೂರು ಗಂಟೆ ತೋರಿಸಿದರೆ ನಾಲ್ಕು ಎಂದುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವ ಯೋಜನೆ ಮಾಡಿದವರು ದಾರಿಯ ಅರ್ಧ ಚೆಲುವನ್ನು ನಿಲ್ಲಿಸದೇ ದಾಟಿಬಿಡುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಪ್ರತಿ ಊರಿನಲ್ಲಿ ಒಂದೊಂದು ರಾತ್ರಿ ಬೇಡ. ಮುಖ್ಯ ತಾಣಗಳಲ್ಲಿ ಕನಿಷ್ಠ ಎರಡು ರಾತ್ರಿ ಇರಿ. ಪಶ್ಚಿಮ ಕರಾವಳಿಯ ಮಳೆ ಹೇಳಿ ಕೇಳಿ ಬರುವುದಿಲ್ಲ. ಬರ್ಗೆನ್‌ನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ, ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಒಂದಿಷ್ಟಾದರೂ ಹನಿಯುತ್ತದೆ. ಒಂದು ದಿನ ಮೋಡ ಕವಿದು ಏನೂ ಕಾಣದಿದ್ದರೆ ಮರುದಿನ ಅದೇ ಜಾಗಕ್ಕೆ ಹೋಗುವ ಅವಕಾಶ ಇಟ್ಟುಕೊಂಡಿರಬೇಕು. ಎತ್ತರದ ವೀಕ್ಷಣಾ ತಾಣಕ್ಕೆ ಒಳ್ಳೆಯ ದಿನ, ಜಲಪಾತ ಮತ್ತು ದೋಣಿಗೆ ಮಳೆಯ ದಿನ. ಮಳೆ ಸುರಿದಾಗ ಫಿಯೋರ್ಡ್‌ನ ಗೋಡೆಗಳಿಂದ ನೂರಾರು ಹೊಸ ನೀರಿನ ಎಳೆಗಳು ಇಳಿಯುತ್ತವೆ. ದೋಣಿಯಿಂದ ಅದನ್ನು ನೋಡುವುದು ಬಿಸಿಲಿನ ದಿನಕ್ಕಿಂತ ಚೆಂದ.

ಬಂಡೆಹಾದಿ:
ಟ್ರೋಲ್‌ಟುಂಗಾ ಬಗ್ಗೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ಫೋಟೋ ನೋಡಿ ಹೋಗುವವರೇ ಇಲ್ಲಿ ಸಿಕ್ಕಿಬೀಳುವುದು.

ಆ ನಾಲಿಗೆಯಂಥ ಬಂಡೆ ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿದೆ, ಕೆಳಗಿನ ರಿಂಗೆದಾಲ್ಸ್‌ವಾಟ್ನೆಟ್ ಸರೋವರಕ್ಕೆ ಸುಮಾರು 700 ಮೀಟರ್ ಆಳ. ಓಡ್ಡಾ ಊರಿನ ಹತ್ತಿರ. ಶೆಗ್ಗೆದಾಲ್‌ನ ಪಿ2 ಪಾರ್ಕಿಂಗ್‌ನಿಂದ ಹೋಗಿ ಬರಲು 27 ಕಿಲೋಮೀಟರ್, ಏರುವುದು ಸುಮಾರು 800 ಮೀಟರ್, ಸಮಯ 8ರಿಂದ 12 ಗಂಟೆ. ಮೇಲಿನ ಮೋಗೆಲಿಟೊಪ್‌ನ ಪಿ3ಯಿಂದ ಶುರು ಮಾಡಿದರೆ 20 ಕಿಲೋಮೀಟರ್, 7ರಿಂದ 10 ಗಂಟೆ. ಪಿ3ಯಲ್ಲಿ ಕಾರಿಗೆ ಜಾಗ ಬಹಳ ಕಡಿಮೆ, ಮೊದಲೇ ಕಾಯ್ದಿರಿಸಬೇಕು. ಇಲ್ಲದಿದ್ದರೆ ಪಿ2ರಿಂದ ಶಟಲ್ ಬಸ್ಸು. ಆ ಬಸ್ಸಿನ ಹಣ ದಂಡವಲ್ಲ. ಮೊದಲ ನಾಲ್ಕು ಕಿಲೋಮೀಟರ್ ಬರೀ ತಿರುವುಗಳ ಡಾಂಬರು ರಸ್ತೆ, ಅದನ್ನು ಹತ್ತಿ ಕಾಲು ದಣಿಸಿಕೊಳ್ಳುವುದರಲ್ಲಿ ಏನೂ ಲಾಭವಿಲ್ಲ.

ಗೈಡ್ ಇಲ್ಲದೆ ಹೋಗುವ ಕಾಲ ಜೂನ್‌ನಿಂದ ಸೆಪ್ಟೆಂಬರ್. ಆದರೆ ಜೂನ್ ಕೊನೆಯಲ್ಲೂ ಮೇಲಿನ ಹಾದಿಯಲ್ಲಿ ಹಿಮ ಉಳಿದಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದು ಮೆತ್ತಗಾಗಿ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ, ಕೆಳಗೆ ಹರಿಯುವ ತೊರೆಯ ಮೇಲಿನ ಹಿಮದ ಪದರ ತೆಳುವಾಗಿ ಕುಸಿಯುತ್ತದೆ. ರಕ್ಷಣಾ ತಂಡ ಹೋಗಬೇಕಾಗುವ ಸಂದರ್ಭಗಳು ಬಹುತೇಕ ಒಂದೇ ಥರ: ತಡವಾಗಿ ಹೊರಟದ್ದು, ಬಂಡೆಯ ಮೇಲೆ ಫೋಟೋಗೆ ಸರತಿಯಲ್ಲಿ ಒಂದೆರಡು ಗಂಟೆ ನಿಂತು ಮೈ ತಣ್ಣಗಾದದ್ದು, ಒದ್ದೆ ಹತ್ತಿಬಟ್ಟೆ, ಖಾಲಿಯಾದ ಮೊಬೈಲ್. ಬೆಳಿಗ್ಗೆ ಆರರಿಂದ ಏಳರೊಳಗೆ ಹಾದಿ ಹಿಡಿಯಿರಿ. ಮಧ್ಯಾಹ್ನ ಒಂದಾದರೂ ಬಂಡೆ ಮುಟ್ಟಿಲ್ಲವೆಂದರೆ ಹಿಂದಿರುಗಿ. ನಾರ್ವೆಯ ಪರ್ವತ ನಿಯಮಗಳಲ್ಲೇ ಇದೆ: ಸಕಾಲಕ್ಕೆ ತಿರುಗಿ, ತಿರುಗುವುದರಲ್ಲಿ ನಾಚಿಕೆಯಿಲ್ಲ.

ಹನ್ನೆರಡರ ಮಗು, ಜೂನ್ ತಿಂಗಳು, ಕೆಳಗೆ ಕಾಯುವ ಹಿರಿಯರು: ಈ ಮೂರೂ ಸೇರಿದರೆ ಟ್ರೋಲ್‌ಟುಂಗಾ ಬೇಡವೆನ್ನುತ್ತೇನೆ.

ಕಡಲಗಾಳಿ:
ಹಾಗಾದರೆ ಪ್ರೈಕೆಸ್ಟೂಲನ್? ಅದು ಸುಲಭವಲ್ಲವೇ? 604 ಮೀಟರ್ ಎತ್ತರದ ಬಂಡೆ, ಹೋಗಿ ಬರಲು 8 ಕಿಲೋಮೀಟರ್, ನಾಲ್ಕೈದು ಗಂಟೆ. ಹಾದಿಯ ಬಹುಭಾಗಕ್ಕೆ ನೇಪಾಳದ ಶೆರ್ಪಾಗಳು ಕಲ್ಲಿನ ಮೆಟ್ಟಿಲು ಜೋಡಿಸಿದ್ದಾರೆ. ಸ್ಟಾವಂಗರ್‌ನಿಂದ ಬಸ್ಸು ನೇರ ಹಾದಿಯ ಬುಡಕ್ಕೇ ಬರುತ್ತದೆ, ಸಮುದ್ರದಡಿಯ ಸುರಂಗ ಬಂದ ಮೇಲೆ ಫೆರ್ರಿಯ ರಗಳೆಯೂ ಇಲ್ಲ.

ಬಂಡೆಹಾದಿ:
ಹಾದಿ ಒಳ್ಳೆಯದೇ, ಮಗುವಿಗೂ ಆಗುತ್ತದೆ. ಆದರೆ ತುದಿಯಲ್ಲಿ ಕಂಬಿ ಕಟಾಂಜನ ಏನೂ ಇಲ್ಲ. ಒದ್ದೆಯಾದಾಗ ಗ್ರಾನೈಟ್ ಜಾರುತ್ತದೆ. ಗಾಳಿ ಜೋರಿದ್ದರೆ ಅಂಚಿನಿಂದ ಹಲವು ಹೆಜ್ಜೆ ಹಿಂದೆಯೇ ನಿಲ್ಲಿ. ಜುಲೈ ಮಧ್ಯಾಹ್ನದಲ್ಲಿ ಜಾತ್ರೆ, ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹತ್ತಿದರೆ ನೆಮ್ಮದಿ, ಜೂನ್‌ನಲ್ಲಿ ಹೇಗೂ ರಾತ್ರಿ ಹತ್ತೂವರೆಗೂ ಬೆಳಕಿರುತ್ತದೆ. ಪ್ರಶ್ನೆ ಹಾದಿಯದ್ದಲ್ಲ, ಜಾಗದ್ದು. ಬರ್ಗೆನ್‌ನಿಂದ ಸ್ಟಾವಂಗರ್‌ಗೆ ಫೆರ್ರಿ ಸೇರಿ ಐದು ಗಂಟೆ. ಹೋಗಲು ಒಂದು ದಿನ, ಹತ್ತಲು ಒಂದು ದಿನ, ವಾಪಸ್ಸಿಗೆ ಒಂದು ದಿನ. ಹತ್ತು ದಿನದವರಿಗೆ ಇದು ದುಬಾರಿ.

ಉತ್ತರದಲೆ:
ಬಂಡೆಹಾದಿಯವರ ಮಾತಿಗೆ ನನ್ನದೂ ಸಹಮತ. ನಡಿಗೆ ಬೇಕೆಂದಿದ್ದರೆ ಹಾರ್ಡಂಗರ್‌ನ ಶಿನ್ಸರ್ವಿಕ್ ಊರಿನಿಂದ ಹುಸೆದಾಲನ್ ಕಣಿವೆಗೆ ಹೋಗಿ. ಒಂದರ ಮೇಲೊಂದು ನಾಲ್ಕು ಜಲಪಾತ. ಪೂರ್ತಿ ಹೋಗಿಬರಲು ಐದಾರು ಗಂಟೆ, ಎರಡನೆಯ ಜಲಪಾತದಿಂದಲೇ ಮರಳಿದರೂ ದಿನ ಸಾರ್ಥಕ. ಮೇಲ್ಭಾಗದಲ್ಲಿ ಬೇರು, ಒದ್ದೆ ಕಲ್ಲು ಹೆಚ್ಚು, ಹಿಡಿತವಿರುವ ಶೂ ಬೇಕು.

ಅದೇ ಕಡೆ ಐಡ್‌ಫಿಯೋರ್ಡ್ ಮೇಲಿನ ವೋರಿಂಗ್ಸ್‌ಫೊಸ್ಸೆನ್ ಜಲಪಾತ, ಒಟ್ಟು 182 ಮೀಟರ್. ಮೇಲಿನ ಅಂಚಿಗೇ ಕಾರು ಹೋಗುತ್ತದೆ, ಕಂಬಿ ಹಾಕಿದ ವೀಕ್ಷಣಾ ಕಟ್ಟೆಗಳಿವೆ, ನಿಮ್ಮ ತಂದೆಯವರಿಗೆ ಕಷ್ಟವಿಲ್ಲ. 2020ರಲ್ಲಿ ಕಮರಿಯ ಮೇಲೆ ಮೆಟ್ಟಿಲ ಸೇತುವೆ ಕಟ್ಟಿದ್ದಾರೆ, ಅದರಲ್ಲಿ 99 ಮೆಟ್ಟಿಲು, ಅದನ್ನು ಅವರು ಬಿಡಬಹುದು. ಈ ನದಿಯ ನೀರನ್ನು ವಿದ್ಯುತ್ತಿಗೆ ತಿರುಗಿಸಿದ್ದಾರೆ. ಲಿಂಗನಮಕ್ಕಿ ಕಟ್ಟಿದ ಮೇಲೆ ಜೋಗಕ್ಕೆ ಏನಾಯಿತೋ ಅದೇ ಇಲ್ಲಿಯೂ. ಒಂದು ವ್ಯತ್ಯಾಸವೆಂದರೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಸೆಕೆಂಡಿಗೆ ಕನಿಷ್ಠ 12 ಘನಮೀಟರ್ ನೀರು ಬಿಡಲೇಬೇಕೆಂಬ ಷರತ್ತಿದೆ. ಹಾಗಾಗಿ ಆ ತಿಂಗಳುಗಳಲ್ಲಿ ಬಂದವರಿಗೆ ಜಲಪಾತ ಬತ್ತಿದ ಬೇಸರವಾಗದು.

ಈಗ ಫಿಯೋರ್ಡ್. ನ್ಯಾರೊಯ್‌ಫಿಯೋರ್ಡ್, ಗೈರಾಂಗರ್ ಎರಡೂ 2005ರಿಂದ ವಿಶ್ವ ಪರಂಪರೆ ತಾಣಗಳು. ಇವೆಲ್ಲ ಹಿಮನದಿ ಕೊರೆದ ಕಣಿವೆಗಳು, ಹಿಮ ಕರಗಿ ಸಮುದ್ರ ಒಳನುಗ್ಗಿದ್ದು. ಬಾಯಿಯ ಹತ್ತಿರ ಹಿಮ ತೆಳುವಾಗಿ ಕೊರೆಯುವ ಬಲ ಕಳೆದುಕೊಂಡದ್ದರಿಂದ ಅಲ್ಲಿ ಆಳ ಕಡಿಮೆ, ಒಳಗೆ ಭಾರೀ ಆಳ. ಸೋಗ್ನೆಫಿಯೋರ್ಡ್ 200 ಕಿಲೋಮೀಟರಿಗೂ ಉದ್ದ, ಅತಿ ಆಳದಲ್ಲಿ 1,300 ಮೀಟರ್. ನ್ಯಾರೊಯ್ ಅದರದ್ದೇ ಒಂದು ಕವಲು, ಅತಿ ಇಕ್ಕಟ್ಟಿನಲ್ಲಿ 250 ಮೀಟರ್ ಅಗಲ ಮಾತ್ರ. ಫ್ಲೋಮ್‌ನಿಂದ ಗುದ್ವಾಂಗನ್‌ಗೆ ದೋಣಿ ಎರಡು ಗಂಟೆ. ವಿದ್ಯುತ್ ದೋಣಿಯನ್ನೇ ಆರಿಸಿ, ಎಂಜಿನ್ ಸದ್ದಿಲ್ಲದಿದ್ದರೆ ನೀರು ಬೀಳುವ ಸದ್ದು ಕೇಳುತ್ತದೆ.

ಫ್ಲೋಮ್ ರೈಲು 20 ಕಿಲೋಮೀಟರಿನಲ್ಲಿ 866 ಮೀಟರ್ ಎತ್ತರದ ಮಿರ್ಡಾಲ್‌ಗೆ ಏರುತ್ತದೆ, 20 ಸುರಂಗ, ಒಂದು ಗಂಟೆಯ ಒಳಗೆ. ದಾರಿಯಲ್ಲಿ ಶೋಸ್‌ಫೊಸ್ಸೆನ್ ಜಲಪಾತದ ಎದುರು ನಿಲ್ಲುತ್ತದೆ. ದೊಡ್ಡ ಕ್ರೂಸ್ ಹಡಗು ಬಂದ ದಿನ ಹತ್ತರಿಂದ ಮೂರರವರೆಗೆ ನಿಲ್ದಾಣದಲ್ಲಿ ಕಾಲಿಡಲು ಜಾಗವಿರದು. ಫ್ಲೋಮ್ ಬಂದರಿನ ಹಡಗು ವೇಳಾಪಟ್ಟಿ ಜಾಲತಾಣದಲ್ಲಿ ಸಿಗುತ್ತದೆ, ಅದನ್ನು ನೋಡಿಯೇ ದಿನ ಗೊತ್ತುಮಾಡಿ. ರೈಲು, ದೋಣಿ, ಬಸ್ಸು ಸೇರಿಸಿ ಒಂದೇ ಪ್ಯಾಕೇಜಾಗಿ ಮಾರುತ್ತಾರೆ. ಅವೇ ಟಿಕೆಟ್‌ಗಳನ್ನು ಬಿಡಿಬಿಡಿಯಾಗಿ ಕೊಂಡರೆ ಸಮಯ ನಿಮ್ಮ ಕೈಯಲ್ಲಿರುತ್ತದೆ.

ಔರ್‌ಲಾಂಡ್‌ನಿಂದ ಮೇಲೆ ಸ್ಟೇಗಸ್ಟೈನ್: 650 ಮೀಟರ್ ಎತ್ತರದಲ್ಲಿ ಗುಡ್ಡದಿಂದ 30 ಮೀಟರ್ ಹೊರಚಾಚಿದ ಮರದ ಕಟ್ಟೆ. ಪಾರ್ಕಿಂಗ್‌ನಿಂದ ಕೆಲವೇ ಹೆಜ್ಜೆ. ರಸ್ತೆ ಮಾತ್ರ ತುಂಬಾ ಇಕ್ಕಟ್ಟು, ಎದುರಿಗೆ ಬಸ್ಸು ಬಂದರೆ ಹಿಂದೆ ಹೋಗಬೇಕಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ.

ದಾರಿಗಲ್ಲು:
ಕಾರಿನ ಬಗ್ಗೆ ಒಂದಿಷ್ಟು. ಬಲಬದಿಯಲ್ಲಿ ಓಡಿಸುವುದು, ಹಗಲಲ್ಲೂ ದೀಪ ಕಡ್ಡಾಯ, ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.2 ಪಾಲು, ಅಂದರೆ ಒಂದು ಬಿಯರ್ ಕೂಡ ಬೇಡ. ವೇಗಮಿತಿ ಮೀರಿದರೆ ದಂಡ ನಮ್ಮ ಲೆಕ್ಕದಲ್ಲಿ ಬಹಳ ಭಾರಿ. ಸ್ವಂತ ಲೈಸೆನ್ಸ್ ಜೊತೆಗೆ ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಬಾಡಿಗೆ ಕೌಂಟರ್‌ನಲ್ಲಿ ಕೇಳಿದಾಗ ವಾದ ಮಾಡುವುದಕ್ಕಿಂತ ಅದು ಸುಲಭ.

ಇಕ್ಕಟ್ಟಿನ ರಸ್ತೆಯಲ್ಲಿ ನೀಲಿ ಫಲಕದ ಮೇಲೆ ಬಿಳಿ ಎಂ ಅಕ್ಷರ ಕಂಡರೆ ಅದು ಎದುರು ಗಾಡಿಗೆ ದಾರಿ ಬಿಡುವ ಜಾಗ. ಅಲ್ಲಿ ಫೋಟೋಗೆ ನಿಲ್ಲಿಸಬೇಡಿ. ಹಿಂದೆ ಸ್ಥಳೀಯರ ಗಾಡಿ ಸಾಲುಗಟ್ಟಿದರೆ ಅಲ್ಲೇ ಬದಿಗೆ ಸರಿದು ಬಿಟ್ಟುಕೊಡಿ. ಮುಖ್ಯ ರಸ್ತೆಗಳ ಟೋಲ್‌ಗೆ ನಿಲ್ಲುವಂತಿಲ್ಲ, ಕ್ಯಾಮೆರಾ ನಂಬರ್ ಓದುತ್ತದೆ. ಬಹುತೇಕ ಫೆರ್ರಿಗಳಲ್ಲೂ ಹಾಗೆಯೇ. ಬಾಡಿಗೆ ಕಾರಾದರೆ ಊರಿಗೆ ಮರಳಿದ ವಾರಗಳ ನಂತರ ಕಾರ್ಡಿನಿಂದ ಕಡಿತವಾಗುತ್ತದೆ, ಅದಕ್ಕೆ ಮಿತಿ ಉಳಿಸಿಕೊಳ್ಳಿ. ಒಂದು ಊರಲ್ಲಿ ತೆಗೆದುಕೊಂಡು ಇನ್ನೊಂದು ಊರಲ್ಲಿ ಬಿಟ್ಟರೆ ಹೆಚ್ಚುವರಿ ಶುಲ್ಕ ಜೋರು. ಬರ್ಗೆನ್‌ನಿಂದ ಬರ್ಗೆನ್‌ಗೇ ಸುತ್ತು ಹಾಕುವುದು ಜಾಣತನ.

ಔರ್‌ಲಾಂಡ್‌ನಿಂದ ಲೆರ್ಡಾಲ್‌ಗೆ ಹೋಗುವಾಗ 24.5 ಕಿಲೋಮೀಟರಿನ ಸುರಂಗ, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ, 2000ದಲ್ಲಿ ತೆರೆದದ್ದು. ಒಳಗೆ ಮಂಪರು ಬಾರದಂತೆ ನಡುನಡುವೆ ನೀಲಿ ಬೆಳಕಿನ ಗುಹೆಗಳನ್ನು ಮಾಡಿದ್ದಾರೆ. ಜೂನ್‌ನಲ್ಲಿ ಮೇಲಿನ ಹಿಮದ ರಸ್ತೆ ತೆರೆದಿದ್ದರೆ ಸುರಂಗ ಬಿಟ್ಟು ಅದನ್ನೇ ಹಿಡಿಯಿರಿ, 1,300 ಮೀಟರ್ ಎತ್ತರದಲ್ಲಿ ಹಿಮದ ಗೋಡೆಗಳ ನಡುವೆ ಹೋಗುತ್ತದೆ. ತೆರೆದಿದೆಯೇ ಎಂದು ರಸ್ತೆ ಇಲಾಖೆಯ 175 ನಂಬರಿಗೆ ಕರೆ ಮಾಡಿದರೆ ಹೇಳುತ್ತಾರೆ.

ಕಡಲಗಾಳಿ:
ಟ್ರೋಲ್‌ಸ್ಟೀಗನ್ ಅನ್ನು ಯಾರೂ ಮುಟ್ಟಲೇ ಇಲ್ಲ. ಹನ್ನೊಂದು ತಿರುವಿನ ಆ ರಸ್ತೆ ಬಿಡುವುದೆಂದರೆ ಬೇಸರ.

ದಾರಿಗಲ್ಲು:
ಬೇಸರ ನಿಜ. ಆದರೆ ಅದನ್ನು ನಂಬಿ ಯೋಜನೆ ಕಟ್ಟಬೇಡಿ. ಬಂಡೆ ಉರುಳುವ ಅಪಾಯದಿಂದ 2024ರ ಬೇಸಿಗೆಯಲ್ಲಿ ಮುಚ್ಚಿತ್ತು. ಅದು ಗೈರಾಂಗರ್‌ಗಿಂತ ಇನ್ನೂ ಉತ್ತರಕ್ಕೆ, ಬರ್ಗೆನ್ ಸುತ್ತಿನಿಂದ ಹೊರಗೆ. ತಿರುವಿನ ರಸ್ತೆಯೇ ಬೇಕಾದರೆ ಗೈರಾಂಗರ್ ಮೇಲಿನ ಹದ್ದಿನ ರಸ್ತೆಯಲ್ಲೂ ಹನ್ನೊಂದೇ ತಿರುವು, ಕೊನೆಯ ತಿರುವಿನಿಂದ ಇಡೀ ಫಿಯೋರ್ಡ್ ಕಾಣುತ್ತದೆ.

ಹಿಮಗಣ್ಣು:
ಹಿಮನದಿಗೆ ಎರಡು ಆಯ್ಕೆ. ಎರಡೂ ಯೋಸ್ಟೆದಾಲ್ಸ್‌ಬ್ರೀನ್‌ನ ಕೈಗಳು, ಅದು ಯುರೋಪ್ ಮುಖ್ಯಭೂಮಿಯ ಅತಿ ದೊಡ್ಡ ಹಿಮರಾಶಿ. ಓಲ್ಡನ್ ಕಡೆಯ ಬ್ರಿಕ್ಸ್‌ದಾಲ್‌ಗೆ ಹಿರಿಯರು ಸುಲಭವಾಗಿ ಹೋಗಬಹುದು, ಟ್ರೋಲ್ ಕಾರ್ ಎಂಬ ತೆರೆದ ಗಾಡಿ ಬಹುಪಾಲು ದೂರ ಒಯ್ಯುತ್ತದೆ. ಆದರೆ ಹಿಮ ಹಿಂದೆ ಸರಿದು ಈಗ ಸರೋವರವನ್ನು ಮುಟ್ಟುವುದೇ ಇಲ್ಲ, ದೂರದಿಂದ ನೋಡುವುದಷ್ಟೇ. ಲುಸ್ಟರ್ ಕಡೆಯ ನಿಗಾರ್ಡ್ಸ್‌ಬ್ರೀನ್‌ನಲ್ಲಿ ಗೈಡ್ ಜೊತೆ ನೀಲಿ ಹಿಮದ ಮೇಲೆ ನಡೆಯಬಹುದು. ಶೂಗೆ ಕಟ್ಟುವ ಮುಳ್ಳು, ಹಗ್ಗ ಎಲ್ಲ ಅವರೇ ಕೊಡುತ್ತಾರೆ. ಕೈಗವಸು ಕಡ್ಡಾಯ, ಚಳಿಗಲ್ಲ: ಹಿಮದ ಮೇಲ್ಮೈ ಗಾಜಿನ ಚೂರಿನಂತೆ ಚರ್ಮ ಕೊಯ್ಯುತ್ತದೆ.

ಗೈಡ್ ಇಲ್ಲದೆ ಹಗ್ಗದ ಗಡಿ ದಾಟಿ ಹಿಮದ ಮುಖದ ಹತ್ತಿರ ಹೋಗಲೇಬೇಡಿ. ನಿಂತಂತೆ ಕಾಣುವ ಹಿಮ ಒಳಗೆ ಹರಿಯುತ್ತಿರುತ್ತದೆ, ಮನೆಯಷ್ಟು ದೊಡ್ಡ ತುಂಡು ಸೂಚನೆಯಿಲ್ಲದೆ ಕಳಚುತ್ತದೆ, ಒಳಗೆ ಕಟ್ಟಿಕೊಂಡ ನೀರು ಒಮ್ಮೆಲೇ ಒಡೆದು ಬರುತ್ತದೆ. 2014ರಲ್ಲಿ ನಿಗಾರ್ಡ್ಸ್‌ಬ್ರೀನ್‌ನಲ್ಲೇ ಹಿಮ ಕುಸಿದು ಪ್ರವಾಸಿ ದಂಪತಿ ತೀರಿಕೊಂಡರು. ಫೋಟೋಗಾಗಿ ಮಗುವನ್ನು ಹತ್ತಿರ ನಿಲ್ಲಿಸುವ ಅಪ್ಪ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕು.

ಕೆಳಗಿನ ಸರೋವರಗಳ ಹಾಲುಹಸಿರು ಬಣ್ಣ ಹಿಮನದಿ ಅರೆದ ಕಲ್ಲಿನ ಹಿಟ್ಟಿನದು. ನೀರಿನಲ್ಲಿ ತೇಲುವ ಆ ಕಣಗಳು ಬೆಳಕನ್ನು ಚದುರಿಸುತ್ತವೆ. ಕರಗುವಿಕೆ ಹೆಚ್ಚಿರುವ ಜುಲೈನಲ್ಲಿ ಬಣ್ಣ ಇನ್ನೂ ಗಾಢ.

ಮಳೆಜರ್ಕಿನ್:
ಬಟ್ಟೆ. ಜೀನ್ಸ್, ಹತ್ತಿ ಟೀ ಶರ್ಟ್ ಗುಡ್ಡಕ್ಕೆ ಬೇಡ. ಹತ್ತಿ ಬೆವರು ಹೀರಿ ಒಣಗುವುದಿಲ್ಲ, ನಿಂತ ಕೂಡಲೇ ಮೈಯ ಬಿಸಿ ಎಳೆಯುತ್ತದೆ. ಮೈಗೆ ತಾಗಿ ತೆಳು ಉಣ್ಣೆ, ಅದರ ಮೇಲೆ ಫ್ಲೀಸ್, ಹೊರಗೆ ನೀರು ನುಗ್ಗದ ಜರ್ಕಿನ್ ಮತ್ತು ಮಳೆ ಪ್ಯಾಂಟು. ಟೊಪ್ಪಿ, ಕೈಗವಸು ಜೂನ್‌ನಲ್ಲೂ ಬೇಕು. ಛತ್ರಿ ಗಾಳಿಗೆ ನಿಲ್ಲುವುದಿಲ್ಲ. ಹವಾಮಾನಕ್ಕೆ ವೈಆರ್ ಆ್ಯಪ್, ನಾರ್ವೆ ಹವಾಮಾನ ಸಂಸ್ಥೆಯದು. ಅದರಲ್ಲಿ ಕೆಳಗಿನ ಊರಿನ ಹೆಸರು ಹಾಕದೆ ಗುಡ್ಡದ ಹೆಸರನ್ನೇ ಹಾಕಿ. ಊರಲ್ಲಿ 16 ಡಿಗ್ರಿ ಇದ್ದಾಗ ಮೇಲೆ 6 ಇರಬಹುದು. ತುರ್ತಿಗೆ: 113 ಆಂಬುಲೆನ್ಸ್, 112 ಪೊಲೀಸ್. ಹೆಲ್ಪ್ 113 ಆ್ಯಪ್ ಹಾಕಿಕೊಂಡರೆ ಕರೆ ಮಾಡಿದಾಗ ನೀವಿರುವ ಜಾಗವೂ ಅವರಿಗೆ ಹೋಗುತ್ತದೆ.

ಅವಲಕ್ಕಿ:
ಊಟದ ವಿಷಯ ಯಾರೂ ಹೇಳಿಲ್ಲ. ಫಿಯೋರ್ಡ್ ಹಳ್ಳಿಗಳಲ್ಲಿ ಸಸ್ಯಾಹಾರಿ ಹೋಟೆಲ್ ಹುಡುಕುತ್ತಾ ಕೂರಬೇಡಿ. ಅಡುಗೆಮನೆಯಿರುವ ಹುತ್ತೆ, ಅಂದರೆ ಕ್ಯಾಂಪಿಂಗ್ ಜಾಗದ ಮರದ ಕ್ಯಾಬಿನ್, ತೆಗೆದುಕೊಳ್ಳಿ. ನಾಲ್ವರಿಗೆ ಹೋಟೆಲ್‌ಗಿಂತ ಅಗ್ಗ. ಹಲವು ಕಡೆ ಹಾಸುಬಟ್ಟೆ ಬೇರೆ ಹಣ, ಹೊರಡುವಾಗ ನೀವೇ ಗುಡಿಸಿ ಒರೆಸಬೇಕು, ಬುಕ್ ಮಾಡುವಾಗ ಓದಿಕೊಳ್ಳಿ.

ಊರಿನಿಂದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಸಾರಿನಪುಡಿ, ಬೇಳೆ ತರಬಹುದು. ತುಪ್ಪ, ಪೇಡ, ಖೋವಾ ಸಿಹಿ, ಹಾಲಿನಪುಡಿ ತರುವಂತಿಲ್ಲ: ಯುರೋಪ್ ಆರ್ಥಿಕ ವಲಯದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಪ್ರಯಾಣಿಕರ ಚೀಲದಲ್ಲಿ ನಿಷಿದ್ಧ. ಆಲೂಗಡ್ಡೆಯೂ ಅಷ್ಟೇ. ಅಕ್ಕಿ, ಮೊಸರು, ತರಕಾರಿ ರೆಮಾ, ಕೀವಿ, ಕೋಪ್ ಎಂಬ ಅಂಗಡಿಗಳಲ್ಲಿ ಸಿಗುತ್ತವೆ. ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ. ಮಿಠಾಯಿ, ಕೆಲವು ಸಿಹಿಮೊಸರಿನ ಪೊಟ್ಟಣದಲ್ಲಿ ಗೆಲಾಟಿನ್ ಎಂದಿದ್ದರೆ ಅದು ಪ್ರಾಣಿಮೂಲದ್ದು. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ಹಣ ಹಾಕಬೇಡಿ.

ಹಸಿರುಕಣಿವೆ:
ಎಲ್ಲರಿಗೂ ವಂದನೆ. ಪ್ರೈಕೆಸ್ಟೂಲನ್, ಟ್ರೋಲ್‌ಟುಂಗಾ, ಶೆರಾಗ್, ಲೊಫೋಟನ್, ಟ್ರೋಲ್‌ಸ್ಟೀಗನ್ ಐದನ್ನೂ ಕೈಬಿಡುತ್ತಿದ್ದೇವೆ. ಉಳಿದದ್ದನ್ನು ಬರ್ಗೆನ್ ಸುತ್ತಾಗಿ ಹೇಗೆ ಜೋಡಿಸುವುದು? ವೀಸಾಗೆ ಯಾವಾಗ ಅರ್ಜಿ ಹಾಕಬೇಕು?

ಉತ್ತರದಲೆ:
ಮೊದಲ ರಾತ್ರಿ ಬರ್ಗೆನ್. ಆಮೇಲೆ ಐಡ್‌ಫಿಯೋರ್ಡ್ ಎರಡು ರಾತ್ರಿ: ವೋರಿಂಗ್ಸ್‌ಫೊಸ್ಸೆನ್, ಹುಸೆದಾಲನ್. ಔರ್‌ಲಾಂಡ್ ಅಥವಾ ಫ್ಲೋಮ್ ಎರಡು ರಾತ್ರಿ: ರೈಲು, ದೋಣಿ, ಸ್ಟೇಗಸ್ಟೈನ್. ಅಲ್ಲಿಂದ ಲೆರ್ಡಾಲ್, ಫೋದ್ನೆಸ್‌ನಿಂದ ಮಾನ್‌ಹೆಲರ್‌ಗೆ ಕಾಲು ಗಂಟೆಯ ಫೆರ್ರಿ, ಸೋಗ್ನ್‌ದಾಲ್ ದಾಟಿ ಲುಸ್ಟರ್ ಒಂದು ರಾತ್ರಿ, ನಿಗಾರ್ಡ್ಸ್‌ಬ್ರೀನ್. ನಂತರ ಲೂಎನ್ ಮೂರು ರಾತ್ರಿ, ಇದರಲ್ಲಿ ಒಂದು ದಿನ ಮೋಡಕ್ಕೆಂದು ಮೀಸಲು. ಕೊನೆಯ ದಿನ ಬರ್ಗೆನ್‌ಗೆ ವಾಪಸ್ಸು, ಲಾವಿಕ್ ಫೆರ್ರಿ ಸೇರಿ ಆರು ಗಂಟೆ ಇಟ್ಟುಕೊಳ್ಳಿ, ವಿಮಾನ ಮರುದಿನಕ್ಕಿರಲಿ.

ಗೈರಾಂಗರ್‌ಗೆ ಅಲ್ಲಿ ತಂಗಬೇಕೆಂದಿಲ್ಲ. ಲೂಎನ್‌ನಿಂದ ಹೆಲ್ಲೆಸಿಲ್ಟ್‌ಗೆ ಒಂದು ಗಂಟೆ, ಅಲ್ಲಿಂದ ಕಾರು ಸಮೇತ ಫೆರ್ರಿ ಗೈರಾಂಗರ್‌ಗೆ ಒಂದು ಗಂಟೆ ಐದು ನಿಮಿಷ. ಏಳು ಸೋದರಿಯರು ಎಂಬ ಜಲಪಾತ ಇದೇ ದಾರಿಯಲ್ಲಿ, ಜೂನ್‌ನಲ್ಲಿ ಹಿಮ ಕರಗಿ ತುಂಬಿರುತ್ತದೆ, ಆಗಸ್ಟ್ ಹೊತ್ತಿಗೆ ಸೊರಗುತ್ತದೆ. ಈ ಫೆರ್ರಿಯ ಟಿಕೆಟ್ ಮಾತ್ರ ಮುಂಚಿತವಾಗಿ ತೆಗೆಯಿರಿ. ಮರಳುವಾಗ ಗೈರಾಂಗರ್‌ನಿಂದ ಮೇಲೇರಿ, ಆಕಾಶ ತಿಳಿಯಾಗಿದ್ದರೆ ಟೋಲ್ ಕೊಟ್ಟು ದಾಲ್ಸ್‌ನಿಬ್ಬಾ ತುದಿಗೆ, ಸುಮಾರು 1,500 ಮೀಟರ್, ಕಾರಿನಲ್ಲೇ ಹೋಗಬಹುದು. ಮೋಡವಿದ್ದರೆ ಆ ಹಣ ಉಳಿಸಿ. ಲೂಎನ್‌ನಲ್ಲಿ ಕೇಬಲ್ ಕಾರು ಐದೇ ನಿಮಿಷದಲ್ಲಿ 1,011 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ನಿಮ್ಮ ತಂದೆಯವರಿಗೆ ಅದೇ ಇಡೀ ಪ್ರವಾಸದ ದೊಡ್ಡ ನೋಟವಾದೀತು.

ದಾರಿಗಲ್ಲು:
ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲೇ ಅರ್ಜಿ ತೆಗೆದುಕೊಳ್ಳುವ ವಿಎಫ್ಎಸ್ ಕೇಂದ್ರವಿದೆ. ಬೇಸಿಗೆಗೆ ಸಮಯ ಸಿಗುವುದು ಕಷ್ಟ, ಮಾರ್ಚ್ ದಾಟಿಸಬೇಡಿ. ವಿಮೆ ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವಂತಿರಬೇಕು, ತಂದೆಯವರ ಮೊದಲಿನಿಂದಿರುವ ಕಾಯಿಲೆಗಳಿಗೂ ಅನ್ವಯಿಸುತ್ತದೆಯೇ ನೋಡಿಕೊಳ್ಳಿ. ದಾರಿಯಲ್ಲಿ ಇನ್ನೊಂದು ಷೆಂಗೆನ್ ದೇಶದಲ್ಲಿ ತಂಗುವುದಾದರೆ ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ. ಕ್ಯಾಬಿನ್‌ಗಳನ್ನು ರದ್ದು ಮಾಡಲು ಬರುವ ದರದಲ್ಲಿ ಈಗಲೇ ಹಿಡಿದಿಡಿ, ಕಾರನ್ನು ವೀಸಾ ಅರ್ಜಿಯ ವಾರವೇ. ಆಟೊಮ್ಯಾಟಿಕ್ ಬೇಕೆಂದು ಸ್ಪಷ್ಟವಾಗಿ ಆರಿಸಿ. ವಿಮಾನ ಟಿಕೆಟ್ ಮರಳಿ ಹಣ ಬಾರದ ದರದ್ದಾದರೆ ವೀಸಾ ಕೈಗೆ ಬಂದ ಮೇಲೆ.